ಫೆಸ್‌ಗೋ ಮರಾಕೇಶ್‌ಗೋ? ಮೊರಾಕ್ಕೊದ ಎರಡು ಹಳೇಪೇಟೆಗಳಲ್ಲಿ ಒಂದನ್ನು ಆರಿಸಿಕೊಳ್ಳಲು

ಭಾರತದಿಂದ ಮೊರಾಕ್ಕೊಗೆ ಹೊರಡುವವರ ಕೈಯಲ್ಲಿ ಸಾಮಾನ್ಯವಾಗಿ ಎಂಟರಿಂದ ಹತ್ತು ದಿನ ಇರುತ್ತದೆ. ದುಬೈ, ದೋಹಾ, ಇಸ್ತಾಂಬುಲ್ ಅಥವಾ ಪ್ಯಾರಿಸ್‌ನಲ್ಲಿ ವಿಮಾನ ಬದಲಿಸಿ ಹೋಗಿಬರುವುದಕ್ಕೇ ಅದರಲ್ಲಿ ಎರಡು ದಿನ ಸಂದುಹೋಗುತ್ತದೆ. ಉಳಿದ ದಿನಗಳಲ್ಲಿ ಕಾಸಾಬ್ಲಾಂಕಾ, ನೀಲಿ ಊರು ಶೆಫ್‌ಶಾವೆನ್, ಫೆಸ್, ಸಹಾರಾ, ಮರಾಕೇಶ್ ಎಲ್ಲವನ್ನೂ ತುರುಕುವ ಪ್ಯಾಕೇಜುಗಳು ಬೇಕಾದಷ್ಟಿವೆ. ಅವುಗಳಲ್ಲಿ ಹೆಚ್ಚು ಹೊತ್ತು ಕಾಣುವುದು ವ್ಯಾನಿನ ಕಿಟಕಿ. ಹಳೆಯ ಊರೊಂದನ್ನು ಸರಿಯಾಗಿ ನೋಡಬೇಕೆಂದೇ ಹೊರಟವರು ಮೊದಲು ತೀರ್ಮಾನಿಸಬೇಕಾದ್ದು ಒಂದೇ: ಹೆಚ್ಚು ರಾತ್ರಿಗಳನ್ನು ಯಾವ ಊರಿಗೆ ಕೊಡುವುದು?

ಎರಡೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ, ಫೆಸ್ 1981ರಿಂದ, ಮರಾಕೇಶ್ 1985ರಿಂದ. ಎರಡರಲ್ಲೂ ಕೋಟೆಗೋಡೆಯೊಳಗೆ ಮೆದಿನಾ ಎಂದು ಕರೆಯುವ ಹಳೇಪೇಟೆಯಿದೆ, ಮದರಸಾಗಳಿವೆ, ಚರ್ಮ ಹದಮಾಡುವ ಕೇರಿಗಳಿವೆ, ಸೂಕ್ ಎಂಬ ಸಂತೆಬೀದಿಗಳಿವೆ. ಫೋಟೊ ನೋಡಿ ಆರಿಸಲು ಹೋದರೆ ಎರಡೂ ಒಂದೇ ಥರ ಕಾಣುತ್ತವೆ. ಇದ್ದು ನೋಡಿದರೆ ಹಾಗಲ್ಲ. ಮರಾಕೇಶ್‌ನ ಮುಖ್ಯ ಜಾಗಗಳು ಎರಡು ದಿನಕ್ಕೆ ಮುಗಿಯುತ್ತವೆ. ಮೂರನೇ ದಿನದಿಂದ ಆ ಊರು ಬೆಟ್ಟಕ್ಕೋ ಕಡಲಿಗೋ ಮರಳುಗಾಡಿಗೋ ಹೋಗಿಬರುವ ನೆಲೆಯಾಗುತ್ತದೆ. ಫೆಸ್‌ನಲ್ಲಿ ಮೊದಲ ದಿನ ದಾರಿ ತಪ್ಪುವುದರಲ್ಲೇ ಕಳೆಯುತ್ತದೆ, ಎರಡನೇ ದಿನ ಸ್ವಲ್ಪ ತಿಳಿಯುತ್ತದೆ, ಊರು ತೆರೆದುಕೊಳ್ಳುವುದು ಮೂರನೇ ದಿನ. ಒಂದೇ ರಾತ್ರಿ ಉಳಿಯುವವರು ಫೆಸ್‌ಗೆ ಹೋಗುವುದಕ್ಕಿಂತ ಹೋಗದಿರುವುದೇ ವಾಸಿ. ಉಳಿದ ಎಲ್ಲ ವ್ಯತ್ಯಾಸಗಳೂ ಇದರಿಂದಲೇ ಹುಟ್ಟುತ್ತವೆ.

ಕಾಲಿಗೆ ಯಾವುದು ಹಿತ

ಫೆಸ್‌ನ ಹಳೆಯ ಭಾಗಕ್ಕೆ ಫೆಸ್ ಎಲ್ ಬಾಲಿ ಎಂದು ಹೆಸರು. ಇದ್ರಿಸ್ ಮನೆತನದವರು 789ರಲ್ಲಿ ಹೊಳೆಯ ಒಂದು ದಡದಲ್ಲೂ 809ರಲ್ಲಿ ಇನ್ನೊಂದು ದಡದಲ್ಲೂ ಕಟ್ಟಿದ ಊರು ಇದು. ಅಂದರೆ ಇಡೀ ಪೇಟೆ ಒಂದು ಕಣಿವೆಯಲ್ಲಿ ಕೂತಿದೆ. ಪಶ್ಚಿಮದ ಬಾಬ್ ಬೂಜ್‌ಲೂದ್ ಹೆಬ್ಬಾಗಿಲಿನಿಂದ ತಲಾ ಕಬೀರಾ, ತಲಾ ಸ್ಘೀರಾ ಎಂಬ ಎರಡು ಮುಖ್ಯ ಬೀದಿಗಳು ಕೆಳಗಿಳಿಯುತ್ತವೆ. ಎಲ್ಲೂ ನಿಲ್ಲದೆ ನಡೆದರೆ ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಕರಾವಿಯ್ಯಿನ್ ಮಸೀದಿಯ ಸುತ್ತಲಿನ ಪೇಟೆ ಸಿಗುತ್ತದೆ. ಕಾರು, ಬೈಕು ಇಲ್ಲಿಗೆ ಬರುವುದಿಲ್ಲ. ಸಾಮಾನು ಸಾಗಿಸುವುದು ಹೇಸರಗತ್ತೆ, ಕತ್ತೆ, ಕೈಗಾಡಿಗಳ ಮೇಲೆ. ಹಿಂದಿನಿಂದ "ಬಾಲಾಕ್!" (ಹುಷಾರು, ದಾರಿ ಬಿಡಿ) ಎಂಬ ಕೂಗು ಕೇಳಿದರೆ ತಿರುಗಿ ನೋಡುತ್ತ ನಿಲ್ಲಬೇಡಿ, ಗೋಡೆಗೆ ಅಂಟಿಕೊಳ್ಳಿ. ಎರಡೂ ಕಡೆ ಗ್ಯಾಸ್ ಸಿಲಿಂಡರ್ ಹೇರಿಕೊಂಡ ಪ್ರಾಣಿ ತನ್ನ ಹೊರೆಯ ಅಗಲ ಲೆಕ್ಕಹಾಕಿ ನಡೆಯುವುದಿಲ್ಲ.

ಮೊಬೈಲ್ ನಕ್ಷೆ ಫೆಸ್‌ನಲ್ಲಿ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಎತ್ತರದ ಗೋಡೆ, ಮೇಲೆ ಮುಚ್ಚಿಗೆ, ಎರಡು ಮಾರು ಅಗಲದ ಓಣಿ. ಇವುಗಳ ನಡುವೆ ಉಪಗ್ರಹದ ಸಂಕೇತ ಪಕ್ಕದ ಓಣಿಗೆ ಜಾರುತ್ತದೆ. ಜೊತೆಗೆ ದರ್ಬ್ ಎನ್ನುವ ಒಳಗಲ್ಲಿಗಳಲ್ಲಿ ಹೆಚ್ಚಿನವು ಮುಂದೆ ದಾರಿಯೇ ಇಲ್ಲದವು, ಅಲ್ಲಿನ ಮನೆಗಳವರಿಗಾಗಿಯೇ ಬಿಟ್ಟವು. ಇಳಿಜಾರನ್ನು ನಂಬುವುದು ಇದಕ್ಕಿಂತ ಒಳ್ಳೆಯದು. ಕೆಳಗಿಳಿದರೆ ಹೊಳೆಯ ಕಡೆಗೆ, ಅಂದರೆ ರ್ಸೀಫ್ ಚೌಕಕ್ಕೆ ಬರುತ್ತೀರಿ. ಹತ್ತಿದರೆ ಯಾವುದಾದರೂ ಹೆಬ್ಬಾಗಿಲು ಸಿಗುತ್ತದೆ. ಬೆಳಿಗ್ಗೆ ಬೂಜ್‌ಲೂದ್‌ನಿಂದ ಇಳಿಯುತ್ತ ನೋಡಿ, ಮಧ್ಯಾಹ್ನ ರ್ಸೀಫ್‌ನಲ್ಲಿ ಹೊರಬಿದ್ದು ಕೆಂಪು ಪುಟ್ಟ ಟ್ಯಾಕ್ಸಿ ಹಿಡಿದು ಮೇಲೆ ಬನ್ನಿ. ಇದು ಗೊತ್ತಿಲ್ಲದವರು ಇಳಿದ ದಾರಿಯಲ್ಲೇ ಬಿಸಿಲಿನಲ್ಲಿ ಹತ್ತಿ, ಸಂಜೆಗೆ ಕಾಲು ಸೋತು, ಮರುದಿನ ರೂಮಿನಲ್ಲಿ ಮಲಗುತ್ತಾರೆ.

ಮರಾಕೇಶ್ ಸಮತಟ್ಟು. 1070ರ ಆಸುಪಾಸಿನಲ್ಲಿ ಅಲ್ಮೊರಾವಿದ್ ಅರಸರು ಹಾವುಜ್ ಬಯಲಿನಲ್ಲಿ ಕಟ್ಟಿದ ಊರು. 77 ಮೀಟರ್ ಎತ್ತರದ ಕುತುಬಿಯಾ ಮಿನಾರು ದೂರದಿಂದಲೇ ಕಾಣುವುದರಿಂದ ದಿಕ್ಕು ತಪ್ಪಿದರೂ ಬೇಗ ಸರಿಮಾಡಿಕೊಳ್ಳಬಹುದು. ಮೊಣಕಾಲು ನೋವಿನ ಹಿರಿಯರು, ತಳ್ಳುಗಾಡಿಯ ಮಗು, ವೀಲ್‌ಚೇರ್ ಇದ್ದರೆ ಇಲ್ಲಿಗೆ ಬನ್ನಿ. ಫೆಸ್‌ನ ಮೆಟ್ಟಿಲುಗಳಲ್ಲಿ ತಳ್ಳುಗಾಡಿಯನ್ನು ನೀವೇ ಹೊರಬೇಕಾಗುತ್ತದೆ. ಆದರೆ ಮರಾಕೇಶ್‌ನ ಓಣಿಗಳಲ್ಲಿ ಸ್ಕೂಟರು, ಬೈಕುಗಳ ಕಾಟ ವಿಪರೀತ. ಜನಸಂದಣಿಯ ನಡುವೆಯೇ ವೇಗವಾಗಿ ನುಗ್ಗುತ್ತವೆ, ಹೊಗೆಯೂ ಅಷ್ಟೇ. ಬಲಬದಿಗೆ ಒತ್ತಿ ನಡೆಯಿರಿ, ಅಂಗಡಿ ನೋಡುತ್ತ ಥಟ್ಟನೆ ಅಡ್ಡ ತಿರುಗಬೇಡಿ, ಮಕ್ಕಳನ್ನು ಗೋಡೆಯ ಕಡೆ ಇಟ್ಟುಕೊಳ್ಳಿ.

ನೋಡುವುದು ಏನು

ಕಟ್ಟಡಗಳ ಲೆಕ್ಕದಲ್ಲಿ ಫೆಸ್‌ನದೇ ಮೇಲುಗೈ, ಅದರಲ್ಲೂ 14ನೇ ಶತಮಾನದ ಮರೀನಿದ್ ಅರಸರ ಕಾಲದ ಮದರಸಾಗಳಿಂದ. 1323–25ರಲ್ಲಿ ಕಟ್ಟಿದ ಅತ್ತಾರೀನ್ ಚಿಕ್ಕದು. ಕೆಳಗೆ ಝೆಲ್ಲೀಜ್ ಎಂಬ ಕತ್ತರಿಸಿ ಜೋಡಿಸಿದ ಹೆಂಚಿನ ಕೆಲಸ, ಅದರ ಮೇಲೆ ಗಾರೆಯ ಕೆತ್ತನೆ, ತುದಿಯಲ್ಲಿ ದೇವದಾರು ಮರ. ಮೂರೂ ಪಟ್ಟಿಗಳು ಇಲ್ಲಿ ಒಂದೇ ಕಣ್ಣಳತೆಗೆ ಸಿಗುತ್ತವೆ. 1350ರ ದಶಕದ ಬೂ ಇನಾನಿಯಾ ದೊಡ್ಡದು, ಇಂದಿಗೂ ಮಸೀದಿಯಾಗಿ ಬಳಕೆಯಲ್ಲಿದೆ; ಪ್ರಾರ್ಥನೆಯ ಹೊತ್ತಿಗೆ ಪ್ರವಾಸಿಗರನ್ನು ಹೊರಗೆ ಕಳಿಸುತ್ತಾರೆ. ಅದರ ಎದುರು ಗೋಡೆಯಲ್ಲಿ ಸಾಲಾಗಿ ಕಿಟಕಿಗಳಿವೆ, ಹಳೆಯ ನೀರ್ಗಡಿಯಾರದ ಅವಶೇಷ. ತಲೆಯೆತ್ತದೆ ಹೋದರೆ ತಪ್ಪಿಹೋಗುತ್ತದೆ, ಹೆಚ್ಚಿನವರಿಗೆ ತಪ್ಪಿಯೂ ಹೋಗುತ್ತದೆ.

ಬೂ ಇನಾನಿಯಾ ಕಟ್ಟಿಸಿದ ಸುಲ್ತಾನ ಅಬೂ ಇನಾನನಿಗೂ ನಮ್ಮ ಕರಾವಳಿಗೂ ಒಂದು ಎಳೆಯಿದೆ. ಟ್ಯಾಂಜಿಯರ್‌ನಲ್ಲಿ 1304ರಲ್ಲಿ ಹುಟ್ಟಿದ ಇಬ್ನ್ ಬತೂತಾ ಹೊನ್ನಾವರ, ಮಂಗಳೂರುಗಳನ್ನೆಲ್ಲ ಸುತ್ತಿ ಊರಿಗೆ ಮರಳಿದ ಮೇಲೆ, ಈ ಸುಲ್ತಾನನ ಅಪ್ಪಣೆಯಂತೆ ತನ್ನ ಪ್ರವಾಸವನ್ನು ಬರಹಗಾರ ಇಬ್ನ್ ಜುಝಯ್ಯನಿಗೆ ಹೇಳಿ ಬರೆಸಿದ. ಅದು ಮುಗಿದದ್ದು 1355ರಲ್ಲಿ. ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವು ಎಂಬ ಅವನ ಮಾತು ಈ ಸುಲ್ತಾನನ ಆಸ್ಥಾನದಲ್ಲಿ ಕಾಗದಕ್ಕೆ ಇಳಿದದ್ದು. ಮದರಸಾದ ಅಂಗಳದಲ್ಲಿ ನಿಂತಾಗ ಇದು ನೆನಪಿದ್ದರೆ ಆ ಗಾರೆ ಕೆಲಸ ಅಷ್ಟೇನೂ ಪರದೇಶದ್ದು ಅನ್ನಿಸುವುದಿಲ್ಲ.

859ರಲ್ಲಿ ಫಾತಿಮಾ ಅಲ್ ಫಿಹ್ರಿ ಕಟ್ಟಿಸಿದಳೆಂದು ಪರಂಪರೆ ಹೇಳುವ ಕರಾವಿಯ್ಯಿನ್‌ಗೆ ಮುಸ್ಲಿಮರಲ್ಲದವರಿಗೆ ಪ್ರವೇಶವಿಲ್ಲ. ಮೊರಾಕ್ಕೊದ ಬಳಕೆಯಲ್ಲಿರುವ ಮಸೀದಿಗಳಿಗೆಲ್ಲ ಬಹುತೇಕ ಇದೇ ನಿಯಮ. ಕಾಸಾಬ್ಲಾಂಕಾದ ಹಸನ್ II ಮಸೀದಿ ದೊಡ್ಡ ಅಪವಾದ. ಬಾಗಿಲಿನಿಂದ ಅಂಗಳ ಕಾಣುತ್ತದೆ, ಸುತ್ತಲಿನ ಟೆರೇಸುಗಳಿಂದ ಹಸಿರು ಹೆಂಚಿನ ಮಾಡು ಕಾಣುತ್ತದೆ, ಅಷ್ಟೆ. ನೀವು ಮುಸ್ಲಿಮರಾಗಿದ್ದರೆ ಮಾತ್ರ ಲೆಕ್ಕವೇ ಬೇರೆ: ಕರಾವಿಯ್ಯಿನ್ ಮತ್ತು ಊರು ಕಟ್ಟಿದ ಮನೆತನದ ಎರಡನೇ ಮೌಲೇ ಇದ್ರಿಸ್‌ನ ದರ್ಗಾದ ಒಳಗೆ ಹೋಗುವ ಅವಕಾಶ ಒಂದೇ ಸಾಕು, ಫೆಸ್‌ನ ಪರವಾಗಿ ತೀರ್ಮಾನಿಸಲು.

ಶುವಾರಾ ಚರ್ಮದ ಕೇರಿಯನ್ನು ನೋಡುವುದಕ್ಕೂ ಒಂದು ಕ್ರಮವಿದೆ. ಬಿಳಿ ತೊಟ್ಟಿಗಳಲ್ಲಿ ಸುಣ್ಣ ಮತ್ತು ಪಾರಿವಾಳದ ಹಿಕ್ಕೆಯ ನೀರು. ಸುಣ್ಣದಿಂದ ಕೂದಲು ಬಿಡುತ್ತದೆ, ಹಿಕ್ಕೆಯಲ್ಲಿರುವ ಅಮೋನಿಯದಿಂದ ತೊಗಲು ಮೆತ್ತಗಾಗುತ್ತದೆ. ಕೆಲವು ದಿನ ನೆನೆಸಿ, ತೊಳೆದು, ಆಮೇಲೆ ಬಣ್ಣದ ತೊಟ್ಟಿಗಳಿಗೆ ಇಳಿಸುತ್ತಾರೆ. ಇದನ್ನು ನೋಡಬೇಕಾದ್ದು ಸುತ್ತಲಿನ ಚರ್ಮದಂಗಡಿಗಳ ಟೆರೇಸಿನಿಂದ. ಹತ್ತುವುದಕ್ಕೆ ಟಿಕೆಟ್ ಇಲ್ಲ, ವಾಸನೆ ತಡೆಯಲು ಕೈಗೊಂದು ಪುದೀನ ಕಡ್ಡಿ ಕೊಡುತ್ತಾರೆ, ಇಳಿಯುವಾಗ ಜಾಕೆಟ್ ಕೊಳ್ಳಿ ಎಂದು ಹಿಂದೆ ಬೀಳುತ್ತಾರೆ. ಕೊಳ್ಳುವ ಮನಸ್ಸಿಲ್ಲದಿದ್ದರೆ ಹತ್ತಿಪ್ಪತ್ತು ದಿರ್ಹಮ್ ಕೈಗಿಟ್ಟು ಬನ್ನಿ, ಯಾರೂ ಮುನಿಸಿಕೊಳ್ಳುವುದಿಲ್ಲ. ಬೆಳಿಗ್ಗೆ ಹೋಗಿ, ಮಧ್ಯಾಹ್ನದ ಬಿಸಿಲಿಗೆ ವಾಸನೆ ಏರುತ್ತದೆ. ಶುಕ್ರವಾರ ಹೋದರೆ ತೊಟ್ಟಿಗಳಿರುತ್ತವೆ, ಕೆಲಸದವರು ಇರುವುದು ಅಪರೂಪ. ಮರಾಕೇಶ್‌ನ ಬಾಬ್ ದಬ್ಬಾಗ್‌ನಲ್ಲೂ ಇಂಥ ಕೇರಿಯಿದೆ, ಆದರೆ ಅಲ್ಲಿಗೆ "ದಾರಿ ತೋರಿಸುವವರ" ಹಿಂಸೆ ತಡೆದುಕೊಂಡು ಹೋಗುವಷ್ಟು ದೊಡ್ಡದಲ್ಲ.

ಮರಾಕೇಶ್‌ನ ಬಲ ಅರಮನೆ, ತೋಟ ಮತ್ತು ಚೌಕ. 19ನೇ ಶತಮಾನದ ಬಾಹಿಯಾ ಅರಮನೆಗೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಹತ್ತು ಗಂಟೆಯ ನಂತರ ಗುಂಪುಗಳು ಬಂದು ಬಣ್ಣದ ಚಾವಣಿ ನೋಡಲು ನಿಲ್ಲುವ ಜಾಗವೂ ಇರುವುದಿಲ್ಲ. ಸಾದಿ ಅರಸರ ಗೋರಿಗಳ ಹನ್ನೆರಡು ಕಂಬದ ಕೋಣೆಯನ್ನು ಬಾಗಿಲಿನಿಂದಷ್ಟೇ ಇಣುಕಬೇಕು, ಅದಕ್ಕೆ ಅರ್ಧ ಗಂಟೆಯ ಸಾಲು, ನೋಡಲು ಸಿಗುವುದು ಅರೆಕ್ಷಣ. ಸಮಯ ಕಡಿಮೆಯಿದ್ದರೆ ಇದನ್ನು ಬಿಟ್ಟು ಎಲ್ ಬಾದಿ ಅರಮನೆಗೆ ಹೋಗಿ. ಪಾಳುಬಿದ್ದ ವಿಶಾಲ ಅಂಗಳ, ಗೋಡೆ ತುದಿಯಲ್ಲಿ ಕೊಕ್ಕರೆ ಗೂಡು. 12ನೇ ಶತಮಾನದಲ್ಲಿ ಸ್ಪೇನಿನ ಕೊರ್ದೊಬಾದಲ್ಲಿ ಮಾಡಿಸಿದ, ಆಮೇಲೆ ಕುತುಬಿಯಾ ಮಸೀದಿಗೆ ಸೇರಿದ ಮರದ ಪ್ರವಚನ ಪೀಠವನ್ನೂ ಇಲ್ಲೇ ಇಟ್ಟಿದ್ದಾರೆ. ಮಜೊರೆಲ್ ತೋಟಕ್ಕೆ ಆನ್‌ಲೈನಿನಲ್ಲಿ ಗಂಟೆ ಗೊತ್ತುಮಾಡಿ ಟಿಕೆಟ್ ಕೊಳ್ಳಬೇಕು. ಬಾಗಿಲಲ್ಲಿ ಕೊಳ್ಳೋಣವೆಂದು ಹೋದವರು ನೀಲಿ ಗೋಡೆ ಕಾಣದೆ ಹಿಂದಿರುಗುತ್ತಾರೆ. ಬೆನ್ ಯೂಸುಫ್ ಮದರಸಾ ದುರಸ್ತಿಯ ನಂತರ 2022ರಲ್ಲಿ ತೆರೆದಿದೆ, ಚೆನ್ನಾಗಿದೆ. ಆದರೆ ಕಟ್ಟಿದ್ದು 1560ರ ದಶಕದಲ್ಲಿ, ಅಂದರೆ ಫೆಸ್‌ನ ಮದರಸಾಗಳಿಗಿಂತ ಇನ್ನೂರು ವರ್ಷ ಈಚೆಗೆ. ಎರಡೂ ಊರಿಗೆ ಹೋಗುವವರು ಅತ್ತಾರೀನ್ ಮೊದಲು ನೋಡಿದರೆ ಇದನ್ನು ಅಳೆಯುವುದು ಸುಲಭ.

ಟಿಕೆಟ್ ದರದಲ್ಲೂ ವ್ಯತ್ಯಾಸವಿದೆ. ಫೆಸ್‌ನ ಮದರಸಾಗಳಿಗೆ ಇಪ್ಪತ್ತು ದಿರ್ಹಮ್ ಆಸುಪಾಸು. ಮರಾಕೇಶ್‌ನ ಸ್ಮಾರಕಗಳಿಗೆ 50ರಿಂದ 100, ಮಜೊರೆಲ್‌ಗೆ ಇನ್ನೂ ಹೆಚ್ಚು. ದಿರ್ಹಮ್‌ಗೆ ಒಂಬತ್ತು ಹತ್ತು ರೂಪಾಯಿಯಂತೆ ಲೆಕ್ಕ ಹಾಕಿಕೊಳ್ಳಿ.

ಇನ್ನು ಜಮಾ ಎಲ್ ಫ್ನಾ ಚೌಕ. ಯುನೆಸ್ಕೊ ಇದರ ಕಥೆಗಾರರು, ಸಂಗೀತಗಾರರು, ಕಸರತ್ತಿನವರ ಪರಂಪರೆಯನ್ನು 2001ರಲ್ಲಿ ಮನುಕುಲದ ಅಮೂರ್ತ ಪರಂಪರೆಯೆಂದು ಸಾರಿತು. ಫೆಸ್‌ನಲ್ಲಿ ಇದಕ್ಕೆ ಸಾಟಿಯಾದದ್ದು ಯಾವುದೂ ಇಲ್ಲ. ಹಗಲಲ್ಲಿ ಹೋಗಿ "ಇಷ್ಟೇನಾ?" ಎಂದು ಬಂದುಬಿಡಬೇಡಿ, ಸೂರ್ಯ ಇಳಿಯುವ ಒಂದು ಗಂಟೆ ಮೊದಲು ಯಾವುದಾದರೂ ಟೆರೇಸ್ ಕಾಫಿ ಅಂಗಡಿಯಲ್ಲಿ ಕೂತು ಊಟದ ಸಾಲುಗಳು ಎದ್ದುನಿಲ್ಲುವುದನ್ನು ನೋಡಿ, ಕತ್ತಲಾದ ಮೇಲೆ ಕೆಳಗಿಳಿಯಿರಿ. ಹಾವಾಡಿಗರ, ಕೋತಿ ಆಡಿಸುವವರ ಫೋಟೊ ತೆಗೆದರೆ ದುಡ್ಡಿಗೆ ಸುತ್ತುಗಟ್ಟುತ್ತಾರೆ. ಆ ಕೋತಿಗಳು ಅಟ್ಲಾಸ್ ಬೆಟ್ಟಸಾಲಿನ ಕಾಡಿನಿಂದ ಹಿಡಿದು ತಂದ ಬಾರ್ಬರಿ ಮಕಾಕ್‌ಗಳು, ಅಳಿವಿನ ಅಂಚಿನಲ್ಲಿರುವವು. ದುಡ್ಡು ಕೊಡದೆ ಮುಂದೆ ಹೋಗುವುದೇ ಸರಿ. ಮೆಹಂದಿ ಹೆಂಗಸರು ಕೇಳದೆಯೇ ಕೈ ಹಿಡಿದು ಗೆರೆ ಎಳೆಯಲು ಶುರುಮಾಡುತ್ತಾರೆ. ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ದಾಟಿ.

ದಾರಿ ತಪ್ಪಿಸುವವರು

ಎರಡೂ ಊರಿನಲ್ಲಿ ಒಂದೇ ಪಾಠವನ್ನು ಬೇರೆ ಬೇರೆ ರಾಗದಲ್ಲಿ ಹಾಡುತ್ತಾರೆ. "ಆ ದಾರಿ ಮುಚ್ಚಿದೆ", "ಆ ಕಡೆ ಮಸೀದಿ ಮಾತ್ರ", "ಇವತ್ತೊಂದೇ ದಿನ ಬರ್ಬರ್ ಸಂತೆ". ದಾರಿ ಮುಚ್ಚಿರುವುದಿಲ್ಲ. ಹುಡುಗನೊಬ್ಬ ಮುಂದೆ ಮುಂದೆ ನಡೆದು, ಕೊನೆಗೆ ನಿಮ್ಮನ್ನು ಚಿಕ್ಕಪ್ಪನ ಅಂಗಡಿಗೆ ಮುಟ್ಟಿಸಿ ದುಡ್ಡು ಕೇಳುತ್ತಾನೆ. ನಿಲ್ಲದೆ, ನಗುತ್ತ, "ಲಾ, ಶುಕ್ರನ್" (ಬೇಡ, ಧನ್ಯವಾದ) ಎಂದು ನಡೆಯುತ್ತಿರಿ. ದಾರಿ ಕೇಳಲೇಬೇಕಾದರೆ ಅಂಗಡಿಯಲ್ಲಿ ಕೂತವರನ್ನು ಕೇಳಿ. ಗಲ್ಲಾ ಬಿಟ್ಟು ಅವರು ನಿಮ್ಮ ಹಿಂದೆ ಬರಲಾರರು.

ಫೆಸ್‌ನಲ್ಲಿ ಮೊದಲ ದಿನಕ್ಕೆ ಅಧಿಕೃತ ಗೈಡ್ ಇಟ್ಟುಕೊಳ್ಳುವುದು ದಂಡದ ಖರ್ಚಲ್ಲ. ಪ್ರವಾಸೋದ್ಯಮ ಇಲಾಖೆಯ ಫೋಟೊ ಇರುವ ಗುರುತುಪಟ್ಟಿ ಕೊರಳಲ್ಲಿರುತ್ತದೆ. ಅರ್ಧ ದಿನಕ್ಕೆ 300–400 ದಿರ್ಹಮ್ ಆಸುಪಾಸು, ತಂಗಿದ ಮನೆಯವರೇ ಗೊತ್ತುಮಾಡಿಕೊಡುತ್ತಾರೆ. ಹೊರಡುವ ಮೊದಲೇ "ಅಂಗಡಿ ಬೇಡ" ಎಂದು ಹೇಳಿಬಿಡಿ, ಇಲ್ಲದಿದ್ದರೆ ಅರ್ಧ ದಿನದಲ್ಲಿ ಎರಡು ಗಂಟೆ ಕಂಬಳಿ ಅಂಗಡಿಯಲ್ಲಿ ಪುದೀನ ಚಹಾ ಕುಡಿಯುತ್ತಲೇ ಕಳೆಯುತ್ತದೆ. ಮರಾಕೇಶ್‌ಗೆ ಗೈಡ್ ಬೇಕೇಬೇಕೆಂದಿಲ್ಲ.

ಟ್ಯಾಕ್ಸಿಯ ವಿಷಯದಲ್ಲಿ ಫೆಸ್ ಎಷ್ಟೋ ವಾಸಿ. ಎರಡೂ ಊರಿನ ಪುಟ್ಟ ಟ್ಯಾಕ್ಸಿಗಳಲ್ಲಿ ಮೀಟರ್ ಇದೆ, ಗರಿಷ್ಠ ಮೂವರು, ರಾತ್ರಿ ಅರ್ಧದಷ್ಟು ಹೆಚ್ಚು ದರ. ಫೆಸ್‌ನವರು ಕೇಳಿದರೆ ಮೀಟರ್ ಹಾಕುತ್ತಾರೆ. ಮರಾಕೇಶ್‌ನಲ್ಲಿ ಚೌಕದ ಬಳಿ ನಿಂತ ಗಾಡಿಗಳು ಬಾಯಿಗೆ ಬಂದದ್ದು ಹೇಳುತ್ತವೆ. ಇನ್ನೂರು ಹೆಜ್ಜೆ ನಡೆದು ಓಡುತ್ತಿರುವ ಗಾಡಿಗೆ ಕೈ ತೋರಿಸಿ. ನಾಲ್ವರ ಕುಟುಂಬಕ್ಕೆ ಎರಡು ಗಾಡಿ ಬೇಕೆಂಬುದನ್ನು ಮರೆಯಬೇಡಿ.

ಒಂಟಿಯಾಗಿ ಹೋಗುವ ಹೆಂಗಸರಿಗೆ ಹಗಲಲ್ಲಿ ಎರಡೂ ಊರು ಹೆಚ್ಚುಕಡಿಮೆ ಒಂದೇ; ಹಿಂದಿನಿಂದ ಮಾತು ಬರುತ್ತದೆ, ಉತ್ತರ ಕೊಡದಿದ್ದರೆ ನಿಲ್ಲುತ್ತದೆ. ವ್ಯತ್ಯಾಸ ರಾತ್ರಿಯಲ್ಲಿ. ಮರಾಕೇಶ್‌ನ ಚೌಕದಲ್ಲಿ ನಡುರಾತ್ರಿಯವರೆಗೂ ಜನ ಇರುತ್ತಾರೆ. ಫೆಸ್‌ನ ಅಂಗಡಿಗಳು ಮುಚ್ಚಿದ ಮೇಲೆ ಓಣಿಗಳು ಬರಿದಾಗುತ್ತವೆ. ಒಂಬತ್ತರೊಳಗೆ ಮನೆ ಸೇರಿ, ಇಲ್ಲವೇ ತಂಗಿದಲ್ಲಿಂದ ಯಾರನ್ನಾದರೂ ಹತ್ತಿರದ ಹೆಬ್ಬಾಗಿಲಿಗೆ ಕಳಿಸಲು ಕೇಳಿ.

ತಂಗುವ ಮನೆ

ರಿಯಾದ್ ಎಂದರೆ ನಡುವೆ ಗಿಡಮರವಿರುವ ಅಂಗಳದ ಮನೆ, ದಾರ್ ಎಂದರೆ ಬರೀ ಅಂಗಳದ ಮನೆ. ಕಿಟಕಿಗಳೆಲ್ಲ ಒಳಮುಖ. ಅದಕ್ಕೇ ನೆಲಮಹಡಿಯ ಕೋಣೆ ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ತೇವ ಮತ್ತು ಕತ್ತಲೆ. ಅಂಗಳದಲ್ಲಿ ಯಾರಾದರೂ ತಿಂಡಿ ತಿಂದರೆ ಚಮಚದ ಸದ್ದೂ ಕೋಣೆಗೆ ಕೇಳುತ್ತದೆ. ಬೇಸಿಗೆಗೆ ಕೆಳಗೆ, ಚಳಿಗೆ ಮೇಲೆ ಎಂದು ಕೇಳಿ ಪಡೆಯಿರಿ. ಅದೇ ದುಡ್ಡಿಗೆ ಫೆಸ್‌ನಲ್ಲಿ ಹೆಚ್ಚು ಹಳೆಯ, ಹೆಚ್ಚು ಕೆತ್ತನೆಯ ಮನೆ ಸಿಗುತ್ತದೆ.

ಆದರೆ ಫೆಸ್‌ನಲ್ಲಿ ಮನೆಯ ಅಂದಕ್ಕಿಂತ ಅದಕ್ಕೆ ಹೋಗುವ ದಾರಿ ಮುಖ್ಯ. ಬುಕ್ ಮಾಡುವಾಗ ಒಂದೇ ಪ್ರಶ್ನೆ ಕೇಳಿ: ಟ್ಯಾಕ್ಸಿ ನಿಲ್ಲುವಲ್ಲಿಂದ ಬಾಗಿಲಿಗೆ ಎಷ್ಟು ನಿಮಿಷ, ಮೆಟ್ಟಿಲಿದೆಯೇ? ಬತ್ಹಾ ಚೌಕ, ಐನ್ ಅಝ್ಲಿತೆನ್, ರ್ಸೀಫ್ ಇವುಗಳ ಹತ್ತಿರದ ಮನೆಗಳಿಗೆ ಐದು ನಿಮಿಷದೊಳಗೆ ತಲುಪಬಹುದು. ಚಕ್ರದ ದೊಡ್ಡ ಸೂಟ್‌ಕೇಸ್ ಕಲ್ಲುಹಾಸಿನ ಇಳಿಜಾರಿನಲ್ಲಿ ಚಕ್ರ ಕಳೆದುಕೊಳ್ಳುತ್ತದೆ. ಕೈಗಾಡಿಯವರು 20–30 ದಿರ್ಹಮ್‌ಗೆ ತಂದುಕೊಡುತ್ತಾರೆ, ದರ ಮೊದಲೇ ಮಾತಾಡಿ. ಮರಾಕೇಶ್‌ನಲ್ಲಿ ಮುವಾಸಿನ್, ಬಾಬ್ ದುಕ್ಕಾಲಾ, ಕಸ್ಬಾ ಮೂರೂ ಅನುಕೂಲದ ಕೇರಿಗಳು. ಚೌಕಕ್ಕೆ ಅಂಟಿಕೊಂಡ ಮನೆ ಬೇಡ, ತಮಟೆ ಸದ್ದು ತಡರಾತ್ರಿಯವರೆಗೆ ನಿಲ್ಲುವುದಿಲ್ಲ.

ಸಸ್ಯಾಹಾರಿಗಳ ಪಾಡು

ಉಪವಾಸ ಬೀಳುವುದಿಲ್ಲ, ಬೇಜಾರಾಗಬಹುದು. ತಜೀನ್ ಎಂದರೆ ಮುಚ್ಚಳದ ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ ಅಡುಗೆ. "ತರಕಾರಿ ತಜೀನ್" ಎಂದು ತಂದಿಟ್ಟದ್ದರಲ್ಲಿ ಮಾಂಸದ ತುಂಡು ಇರುವುದಿಲ್ಲ, ಮಾಂಸ ಬೇಯಿಸಿದ ನೀರು ಇರಬಹುದು. ಹಬೆಯಲ್ಲಿ ಬೇಯಿಸಿದ ರವೆಯ ಊಟವಾದ ಶುಕ್ರವಾರದ ಕುಸ್‌ಕುಸ್‌ಗೂ ಇದೇ ಮಾತು: ಮೇಲಿನ ಮಾಂಸ ತೆಗೆದಿಟ್ಟು ಕೊಟ್ಟರೆ ಅವರ ಪ್ರಕಾರ ಅದು ತರಕಾರಿ ಊಟ. ಹರೀರಾ ಸೂಪನ್ನು ನಂಬಬೇಡಿ. "ಬ್ಲಾ ಲ್ಹಮ್" ಎಂದರೆ ಮಾಂಸವಿಲ್ಲದೆ. ಅದರ ಜೊತೆಗೆ "ಬ್ಲಾ ಮರ್ಕಾ", ಮಾಂಸದ ರಸವೂ ಬೇಡ, ಎಂದು ಸೇರಿಸಿ. ತಂಗಿದ ಮನೆಯಲ್ಲಿ ಬೆಳಿಗ್ಗೆಯೇ ಹೇಳಿದರೆ ರಾತ್ರಿಗೆ ಬೇರೆ ಮಡಕೆಯಲ್ಲಿ ಮಾಡಿಕೊಡುತ್ತಾರೆ, ಇದೇ ಸುರಕ್ಷಿತ ದಾರಿ.

ನಂಬಬಹುದಾದ ತಿನಿಸುಗಳೂ ಇವೆ. ಬದನೆಕಾಯಿಯ ಝಾಲೂಕ್, ಟೊಮೇಟೊ-ಮೆಣಸಿನಕಾಯಿಯ ತಕ್ತೂಕಾ, ರವೆಯ ಹರ್ಶಾ ರೊಟ್ಟಿ, ನಮ್ಮ ಪದರ ಪರೋಟಾಕ್ಕೆ ಹತ್ತಿರದ ಮ್ಸೆಮ್ಮೆನ್. ಎಲ್ಲಕ್ಕಿಂತ ಮೇಲಿನದು ಬಿಸ್ಸಾರಾ: ಒಣ ಬಾಕುಲಾ ಕಾಳನ್ನು ಬೆಳ್ಳುಳ್ಳಿ ಜೊತೆ ಬೇಯಿಸಿ ಕಡೆದು, ಮೇಲೆ ಆಲಿವ್ ಎಣ್ಣೆ, ಜೀರಿಗೆ, ಒಣಮೆಣಸಿನ ಪುಡಿ ಹಾಕಿದ ಗಟ್ಟಿ ಸಾರು. ಇದು ಫೆಸ್‌ನ ಬೆಳಗಿನ ಊಟ. ತಲಾ ಬೀದಿಗಳ ಗೂಡಂಗಡಿಗಳಲ್ಲಿ ಬಟ್ಟಲಿಗೆ ಹತ್ತು ದಿರ್ಹಮ್ ಒಳಗೆ ಸಿಗುತ್ತದೆ, ಮಧ್ಯಾಹ್ನಕ್ಕೆ ಮುಗಿದಿರುತ್ತದೆ. ಹೊಟ್ಟೆಯ ಮಟ್ಟಿಗೆ ಹೇಳುವುದಾದರೆ ರಸ್ತೆಬದಿಯ ಅಗ್ಗದ ಸಸ್ಯಾಹಾರಕ್ಕೆ ಫೆಸ್, ಮೆನು ಓದಿ ಆರಿಸುವ ಸಸ್ಯಾಹಾರಿ ಹೋಟೆಲುಗಳಿಗೆ ಮರಾಕೇಶ್. ಮಾಂಸ ತಿನ್ನುವವರಿಗೆ ಫೆಸ್‌ನಲ್ಲಿ ಬಸ್ತೀಲಾ, ಅಂದರೆ ತೆಳು ಹಾಳೆಯ ಒಳಗೆ ಪಾರಿವಾಳ ಅಥವಾ ಕೋಳಿ, ಬಾದಾಮಿ, ದಾಲ್ಚಿನ್ನಿ, ಮೇಲೆ ಸಕ್ಕರೆ. ಮರಾಕೇಶ್‌ನಲ್ಲಿ ತಂಜಿಯಾ, ಮಣ್ಣಿನ ಕೊಡದಲ್ಲಿ ಮಾಂಸ ತುಂಬಿ ಹಮ್ಮಾಮಿನ (ಸಾರ್ವಜನಿಕ ಸ್ನಾನಗೃಹದ) ಒಲೆಯ ಬೂದಿಯಲ್ಲಿ ಗಂಟೆಗಟ್ಟಲೆ ಹುಗಿದಿಟ್ಟದ್ದು. ಜಮಾ ಎಲ್ ಫ್ನಾದ ಊಟದ ಸಾಲಿನಲ್ಲಿ ಕೇಳದೆ ತಂದಿಡುವ ರೊಟ್ಟಿ, ಆಲಿವ್‌ಗಳಿಗೂ ಬಿಲ್ ಬರುತ್ತದೆ.

ಯಾವ ತಿಂಗಳು

ಮಾರ್ಚ್ ನಡುವಿನಿಂದ ಮೇ, ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಎರಡಕ್ಕೂ ಒಳ್ಳೆಯದು. ನಮ್ಮ ಬೇಸಿಗೆ ರಜೆಗೆ ಹೊಂದುವ ಏಪ್ರಿಲ್-ಮೇ ಸರಿಯೇ. ಜುಲೈ-ಆಗಸ್ಟ್‌ನಲ್ಲಿ ಮರಾಕೇಶ್ ಸರಾಸರಿ 37–38 ಡಿಗ್ರಿ ಮುಟ್ಟುತ್ತದೆ, ಕೆಲವು ದಿನ 45 ದಾಟುತ್ತದೆ; ಫೆಸ್ ಒಂದೆರಡು ಡಿಗ್ರಿ ಕಡಿಮೆ, ಓಣಿಯ ನೆರಳು ಬೇರೆ. ಡಿಸೆಂಬರ್-ಜನವರಿಯಲ್ಲಿ ತಕ್ಕಡಿ ತಿರುಗುತ್ತದೆ. ಮರಾಕೇಶ್‌ನಲ್ಲಿ ಹಗಲು ಹದಿನೆಂಟು ಡಿಗ್ರಿಯ ಬಿಸಿಲು, ಹಿಂದೆ ಹಿಮದ ಅಟ್ಲಾಸ್. ಫೆಸ್‌ನಲ್ಲಿ ಮಳೆ, ರಾತ್ರಿ ನಾಲ್ಕೈದು ಡಿಗ್ರಿ, ಕಲ್ಲು-ಹೆಂಚಿನ ಮನೆಯೊಳಗೆ ಇನ್ನೂ ಕೊರೆತ. "ಹೀಟರ್ ಇದೆಯೇ" ಎಂದಲ್ಲ, "ಕೋಣೆಯೊಳಗೆ ಹೀಟರ್ ಇದೆಯೇ, ರಾತ್ರಿಯಿಡೀ ಹಾಕಬಹುದೇ" ಎಂದು ಕೇಳಿ.

ರಂಜಾನ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2027ರಲ್ಲಿ ಫೆಬ್ರವರಿಯಲ್ಲಿ ಶುರು. ಆ ತಿಂಗಳು ಫೆಸ್‌ನಲ್ಲಿ ಹಗಲು ಊಟ ಸಿಗುವುದು ಕಷ್ಟ, ಮರಾಕೇಶ್‌ನಲ್ಲಿ ಪ್ರವಾಸಿ ಹೋಟೆಲುಗಳು ತೆರೆದಿರುತ್ತವೆ. ಇನ್ನೊಂದು ಸಣ್ಣ ವಿಷಯ: ಮೊರಾಕ್ಕೊ ರಂಜಾನ್ ತಿಂಗಳು ಮಾತ್ರ ಗಡಿಯಾರವನ್ನು ಒಂದು ಗಂಟೆ ಹಿಂದಿಡುವ ಪದ್ಧತಿ ಇಟ್ಟುಕೊಂಡಿದೆ. ಆಗ ರೈಲು, ವಿಮಾನದ ಹೊತ್ತನ್ನು ಎರಡು ಸಲ ನೋಡಿಕೊಳ್ಳಿ. ಫೆಸ್‌ಗೆ ವರ್ಷವಿಡೀ ಶುಕ್ರವಾರವೂ ಅರ್ಧ ರಜೆಯೇ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಸೂಕ್‌ಗಳು ಬಾಗಿಲೆಳೆಯುತ್ತವೆ. ಆ ದಿನವನ್ನು ಹತ್ತಿರದ ಮೆಕ್ನೆಸ್ ಊರಿಗೋ ವೊಲುಬಿಲಿಸ್‌ನ ರೋಮನ್ ಅವಶೇಷಗಳಿಗೋ ಇಡಿ.

ಅಲ್ಲಿಂದ ಎಲ್ಲಿಗೆ

ಗಲ್ಫ್ ದಾರಿಯಲ್ಲಿ ಬರುವವರಲ್ಲಿ ಹೆಚ್ಚಿನವರು ಇಳಿಯುವುದು ಕಾಸಾಬ್ಲಾಂಕಾದಲ್ಲಿ. ವಿಮಾನ ನಿಲ್ದಾಣದ ಕೆಳಗೇ ರೈಲು. ಕಾಸಾ ವೊಯಾಜರ್ ನಿಲ್ದಾಣದಲ್ಲಿ ಬದಲಿಸಿದರೆ ಮರಾಕೇಶ್ ಎರಡೂಮುಕ್ಕಾಲು ಗಂಟೆ, ಫೆಸ್ ನಾಲ್ಕು ಗಂಟೆ. ಒಂದನೇ ದರ್ಜೆಯಲ್ಲಿ ಸೀಟು ಸಂಖ್ಯೆ ಗೊತ್ತಾಗಿರುತ್ತದೆ, ದರದ ವ್ಯತ್ಯಾಸ ಹೆಚ್ಚಿಲ್ಲ, ತೆಗೆದುಕೊಳ್ಳಿ. ಫೆಸ್‌ನಿಂದ ಮರಾಕೇಶ್‌ಗೆ ರೈಲಿನಲ್ಲಿ ಆರೂವರೆಯಿಂದ ಏಳು ಗಂಟೆ. ಒಂದು ಹಗಲು ಪೂರ್ತಿ ಹೋಯಿತೆಂದೇ ತಿಳಿಯಿರಿ. ಮರಾಕೇಶ್‌ವರೆಗೆ ಹೈಸ್ಪೀಡ್ ಮಾರ್ಗದ ಕೆಲಸ ನಡೆಯುತ್ತಿದೆ, 2030ರ ವಿಶ್ವಕಪ್ ಫುಟ್‌ಬಾಲ್‌ಗೆ ಮೊದಲು ಮುಗಿಸುವ ಗುರಿ.

ಮರಾಕೇಶ್‌ನಿಂದ ಒಂದೇ ದಿನದಲ್ಲಿ ಹೋಗಿಬರುವ ಜಾಗಗಳು ಹೆಚ್ಚು: ಊರಿಕಾ ಕಣಿವೆ, ತುಬ್ಕಾಲ್ ಶಿಖರದ ಬುಡದ ಇಮ್ಲಿಲ್, ಕಡಲ ದಂಡೆಯ ಎಸ್ಸವೀರಾ. ಎಸ್ಸವೀರಾ ಬಸ್ಸಿನಲ್ಲಿ ಸುಮಾರು ಮೂರು ಗಂಟೆ, ಸಾಧ್ಯವಾದರೆ ರಾತ್ರಿ ಉಳಿಯಿರಿ. 2023ರ ಸೆಪ್ಟೆಂಬರ್ 8ರ ಭೂಕಂಪದ ಪೆಟ್ಟು ಬಿದ್ದದ್ದು ಮರಾಕೇಶ್ ಹಿಂದಿನ ಈ ಅಟ್ಲಾಸ್ ಬೆಟ್ಟದ ಹಳ್ಳಿಗಳಿಗೇ. ಫೆಸ್‌ನ ಸುತ್ತ ಮೆಕ್ನೆಸ್ ರೈಲಿನಲ್ಲಿ ಮುಕ್ಕಾಲು ಗಂಟೆ. ಅಲ್ಲಿಂದ ಟ್ಯಾಕ್ಸಿಯಲ್ಲಿ ಸುಮಾರು ಮೂವತ್ತು ಕಿಲೋಮೀಟರ್ ಹೋದರೆ ರೋಮನ್ನರ ವೊಲುಬಿಲಿಸ್. ನೆಲದ ಮೊಸಾಯಿಕ್ ಚಿತ್ರಗಳು ಮೂಲ ಜಾಗದಲ್ಲೇ ಇವೆ, ನೆರಳು ಮಾತ್ರ ಒಂದು ಚೂರೂ ಇಲ್ಲ. ಶೆಫ್‌ಶಾವೆನ್ ಬಸ್ಸಿನಲ್ಲಿ ನಾಲ್ಕು ಗಂಟೆ, ಒಂದೇ ದಿನದಲ್ಲಿ ಹೋಗಿಬರುವುದು ದಣಿವಿಗೆ ದುಡ್ಡು ಕೊಟ್ಟಂತೆ.

ಮರಳುಗಾಡಿನ ವಿಷಯದಲ್ಲಿ ಮೋಸಹೋಗುವವರು ಹೆಚ್ಚು. ಮರಾಕೇಶ್‌ನಿಂದ ಅರ್ಧ ದಿನದ "ಮರುಭೂಮಿ" ಎಂದು ಮಾರುವ ಅಗಾಫಾಯ್ ಕಲ್ಲುಗಾಡು, ಅಲ್ಲಿ ಮರಳಿನ ದಿಬ್ಬವಿಲ್ಲ. ಎರಡು ದಿನದ ಝಗೋರಾ ಪ್ರವಾಸದಲ್ಲಿ ಸಣ್ಣ ದಿಬ್ಬಗಳಿವೆ. ಚಿತ್ರದಲ್ಲಿ ಕಾಣುವ ದೊಡ್ಡ ಕಿತ್ತಳೆ ದಿಬ್ಬಗಳು ಮೆರ್ಝೂಗಾದ ಎರ್ಗ್ ಶೆಬ್ಬಿಯಲ್ಲಿ. ಮರಾಕೇಶ್‌ನಿಂದ ಅಲ್ಲಿಗೆ ಒಂಬತ್ತು ಹತ್ತು ಗಂಟೆ ರಸ್ತೆ, ಫೆಸ್‌ನಿಂದ ಏಳೆಂಟು. ಹಾಗಾಗಿ ಎಂಟು ದಿನವಿದ್ದು ಮರಳುಗಾಡೂ ಬೇಕೆನ್ನುವವರಿಗೆ ಎರಡೂ ಊರನ್ನು ಹೊಲಿಯುವ ದಾರಿ ಅದೇ: ಮರಾಕೇಶ್‌ನಲ್ಲಿ ಎರಡು ರಾತ್ರಿ, ಮಣ್ಣಿನ ಕೋಟೆಹಳ್ಳಿ ಐತ್ ಬೆನ್‌ಹದ್ದು, ತೊದ್ಘಾ ಕಮರಿ, ಮೆರ್ಝೂಗಾ ದಾರಿಯಾಗಿ ಎರಡು ರಾತ್ರಿ, ದೇವದಾರು ಕಾಡಿನ ಮೂಲಕ ಇಳಿದು ಫೆಸ್‌ನಲ್ಲಿ ಮೂರು ರಾತ್ರಿ. ಹೊರಟ ಊರಿಗೇ ವಾಪಸು ತರುವ ಪ್ಯಾಕೇಜ್ ಕೊಳ್ಳಬೇಡಿ. ಫೆಸ್‌ನಲ್ಲಿ ಬಿಡುವುದನ್ನೇ ಕೇಳಿ.

ಕೊಳ್ಳುವುದಿದ್ದರೆ

ಫೆಸ್‌ನಲ್ಲಿ ಕೆಲಸ ಮಾಡುವವನ ಎದುರೇ ಕೊಳ್ಳಬಹುದು: ಸೆಫ್ಫಾರೀನ್ ಚೌಕದಲ್ಲಿ ತಾಮ್ರ-ಹಿತ್ತಾಳೆ ಬಡಿಯುವವರು, ಐನ್ ನೊಕ್ಬಿಯಲ್ಲಿ ನೀಲಿ ಮಣ್ಣಿನ ಪಾತ್ರೆ ಮಾಡುವವರು. ಮರಾಕೇಶ್‌ನಲ್ಲಿ ಆಯ್ಕೆ ಹೆಚ್ಚು, ಮೊದಲು ಹೇಳುವ ಬೆಲೆಯೂ ಹೆಚ್ಚು. ಕುತುಬಿಯಾ ಹತ್ತಿರದ ಸರ್ಕಾರಿ ಕರಕುಶಲ ಕೇಂದ್ರದಲ್ಲಿ ನಿಗದಿತ ದರ ನೋಡಿಕೊಂಡು ಆಮೇಲೆ ಸೂಕ್‌ನಲ್ಲಿ ಚೌಕಾಸಿಗಿಳಿದರೆ ಕೈಯಲ್ಲೊಂದು ಅಳತೆಗೋಲು ಇರುತ್ತದೆ. "ಕಳ್ಳಿ ರೇಷ್ಮೆ" ಎಂದು ಮಾರುವ ಸಬ್ರಾ ಬಟ್ಟೆ ಬಹುಪಾಲು ರೇಯಾನ್. ಕೇಸರಿ ಕೊಂಡರೆ ಒಂದೆಳೆಯನ್ನು ಬಿಸಿನೀರಿಗೆ ಹಾಕಿ: ಅಸಲಿ ಎಳೆ ನಿಧಾನಕ್ಕೆ ಹಳದಿ ಬಿಟ್ಟು ತಾನು ಕೆಂಪಾಗಿಯೇ ಉಳಿಯುತ್ತದೆ, ಬಣ್ಣ ಹಾಕಿದ್ದು ತಕ್ಷಣ ಕೆಂಪು ಬಿಟ್ಟು ತಾನು ಬಿಳಚಿಕೊಳ್ಳುತ್ತದೆ.

ಟಿಕೆಟ್ ತೆಗೆಯುವ ಮೊದಲು

ನಾಲ್ಕು ರಾತ್ರಿಯಷ್ಟೇ ಇದ್ದರೆ ಒಂದೇ ಊರು. ಹಿರಿಯರು, ಚಿಕ್ಕ ಮಕ್ಕಳು, ಚಳಿಗಾಲ, ರಾತ್ರಿಯ ಸಡಗರ, ಬೆಟ್ಟ ಹತ್ತುವ ಆಸೆ ಇವುಗಳಲ್ಲಿ ಎರಡು ನಿಮಗೆ ಅನ್ವಯಿಸಿದರೂ ಮರಾಕೇಶ್. ಕಟ್ಟಡ, ಕೈಕಸುಬು, ನಡಿಗೆ, ಬೈಕಿಲ್ಲದ ಓಣಿ ಬೇಕೆಂದರೆ ಫೆಸ್, ಮೂರು ರಾತ್ರಿಗೆ ಕಡಿಮೆಯಿಲ್ಲದಂತೆ. ಗದ್ದಲವೇ ಆಗದವರು ಎರಡನ್ನೂ ಬಿಟ್ಟು ಮೆಕ್ನೆಸ್‌ನಲ್ಲಿ ತಂಗಿ ಫೆಸ್‌ಗೆ ಹಗಲು ಹೋಗಿಬರಬಹುದು. ಹಿಂದೆ ಬೀಳುವವರು ಅಲ್ಲಿ ತೀರಾ ಕಡಿಮೆ.

ಭಾರತೀಯ ಪಾಸ್‌ಪೋರ್ಟಿಗೆ ವೀಸಾ ಬೇಕು, ಸರ್ಕಾರಿ ಜಾಲತಾಣದಲ್ಲೇ ಇ-ವೀಸಾಗೆ ಅರ್ಜಿ ಹಾಕಬಹುದು. ಡ್ರೋನ್ ಒಯ್ಯಬೇಡಿ, ಅನುಮತಿಯಿಲ್ಲದ್ದನ್ನು ವಿಮಾನ ನಿಲ್ದಾಣದಲ್ಲೇ ಹಿಡಿದಿಟ್ಟುಕೊಳ್ಳುತ್ತಾರೆ. ರೂಪಾಯಿ ಅಲ್ಲಿ ನಡೆಯದು, ದಿರ್ಹಮ್ ಇಲ್ಲಿ ಸಿಗದು. ಯೂರೊ ಅಥವಾ ಡಾಲರ್ ಒಯ್ದು ಅಲ್ಲಿ ಬದಲಿಸಿ, ಬದಲಿಸಿದ ಚೀಟಿ ಇಟ್ಟುಕೊಳ್ಳಿ. ಮಿಕ್ಕ ದಿರ್ಹಮ್ ಅನ್ನು ಭದ್ರತಾ ತಪಾಸಣೆ ದಾಟುವ ಮೊದಲೇ ಬ್ಯಾಂಕ್ ಕೌಂಟರಿನಲ್ಲಿ ವಾಪಸು ಕೊಟ್ಟುಬಿಡಿ. ವಿಮಾನ ಟಿಕೆಟ್ ಹುಡುಕುವಾಗ ಮರಾಕೇಶ್‌ಗೆ ಹೋಗಿ ಫೆಸ್‌ನಿಂದ ಅಥವಾ ಕಾಸಾಬ್ಲಾಂಕಾದಿಂದ ಮರಳುವ ದರವನ್ನೂ ನೋಡಿ. ಹೋಗಿಬರುವ ಮಾಮೂಲಿ ಟಿಕೆಟ್‌ಗಿಂತ ಒಂದೆರಡು ಸಾವಿರ ರೂಪಾಯಿ ಹೆಚ್ಚಾದರೂ ಏಳು ಗಂಟೆಯ ರೈಲು ಮತ್ತು ಒಂದು ದಿನ ಉಳಿಯುತ್ತದೆ.